ಸತೀಶ್ ಧವನ್ ಕಟ್ಟಿದ ಕೇಂದ್ರಗಳು ಮತ್ತು ಇಂದಿನ ಅಂತರಶಿಸ್ತೀಯ ಶಾಲೆಗಳು

ರಾಷ್ಟ್ರೀಯ ಶಿಕ್ಷಣ ನೀತಿ 2020 ಬಂದ ಮೇಲೆ ವಿಶ್ವವಿದ್ಯಾಲಯಗಳಲ್ಲಿ ಅಂತರಶಿಸ್ತೀಯ ಅಧ್ಯಯನ ಶಾಲೆಗಳನ್ನು ತೆರೆಯುವ ಉತ್ಸಾಹ ಹೆಚ್ಚಿದೆ. ಹೊಸದಾಗಿ ಅಧಿಕಾರ ವಹಿಸಿಕೊಂಡ ನಿರ್ದೇಶಕರು ಮೊದಲ ಭಾಷಣದಲ್ಲಿಯೇ ವಿಭಾಗಗಳ ನಡುವಣ ಗೋಡೆಗಳನ್ನು ಕೆಡವುವ ಮಾತನ್ನಾಡುತ್ತಾರೆ. ಅಂಥ ಭಾಷಣ ಕೇಳಿದಾಗಲೆಲ್ಲ ನನಗೆ ಸತೀಶ್ ಧವನ್ ನೆನಪಾಗುತ್ತಾರೆ. ಬೆಂಗಳೂರಿನ ಹಳಬರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಗೆ 1962ರಲ್ಲಿ ಅವರು ನಿರ್ದೇಶಕರಾದಾಗ ವಯಸ್ಸು ಸುಮಾರು 42. ವೈಮಾನಿಕ ಎಂಜಿನಿಯರಿಂಗ್ ವಿಭಾಗದಿಂದ ಬಂದ ಅವರು 1981ರವರೆಗೆ ಆ ಹುದ್ದೆಯಲ್ಲಿದ್ದರು. ವಿಕ್ರಮ್ ಸಾರಾಭಾಯಿ ತೀರಿಕೊಂಡ ಬಳಿಕ 1972ರಲ್ಲಿ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೆಗಲಿಗೇರಿದಾಗಲೂ ಸಂಸ್ಥೆಯ ನಿರ್ದೇಶಕತ್ವವನ್ನು ಅವರು ಬಿಟ್ಟುಕೊಡಲಿಲ್ಲ.

ಅವರ ಮುನ್ನೋಟ ಏನೆಂಬುದನ್ನು ನೇಮಕಾತಿಗಳಲ್ಲಿ ಹುಡುಕಬೇಕು. ಭೌತವಿಜ್ಞಾನಿ ಜಿ.ಎನ್. ರಾಮಚಂದ್ರನ್ ಮದ್ರಾಸಿನಿಂದ ಬಂದರು. ಪ್ರೋಟೀನುಗಳ ರಚನೆಯನ್ನು ಅಭ್ಯಸಿಸುವ ಅಣು ಜೈವಿಕಭೌತ ಘಟಕ ಹುಟ್ಟಿತು. 1972ರಲ್ಲಿ ಸೈದ್ಧಾಂತಿಕ ಭೌತವಿಜ್ಞಾನಿ ಇ.ಸಿ.ಜಿ. ಸುದರ್ಶನ್ ಅವರಿಂದ ಸೈದ್ಧಾಂತಿಕ ಅಧ್ಯಯನ ಕೇಂದ್ರ ಆರಂಭವಾಯಿತು. ನನಗೆ ಅತ್ಯಂತ ಸೋಜಿಗವೆನಿಸುವುದು ಈ ಕೇಂದ್ರದ ಕಥೆಯೇ. ಹಾರ್ವರ್ಡ್‌ನಿಂದ ಮರಳಿದ್ದ ಮಾಧವ ಗಾಡ್ಗೀಳ್ ಮತ್ತು ಸುಲೋಚನಾ ಗಾಡ್ಗೀಳ್ 1973ರಲ್ಲಿ ಇಲ್ಲಿಗೆ ಸೇರಿದರು. ಒಬ್ಬರದು ಗಣಿತವನ್ನು ಬಳಸುವ ಪರಿಸರ ವಿಜ್ಞಾನ, ಇನ್ನೊಬ್ಬರದು ಮುಂಗಾರಿನ ಅಧ್ಯಯನ. ಕಣ ಭೌತಶಾಸ್ತ್ರಜ್ಞರ ನೆರೆಯಲ್ಲಿ ಪಶ್ಚಿಮ ಘಟ್ಟದ ಕಾಡು ಮತ್ತು ಮಳೆಗಾಲದ ಮೋಡಗಳಿಗೆ ಜಾಗ ಸಿಕ್ಕಿತು. ಅವರಿಬ್ಬರ ಕೆಲಸಕ್ಕೆ ಹೊಂದುವ ವಿಭಾಗವೇ ಆಗ ಸಂಸ್ಥೆಯಲ್ಲಿರಲಿಲ್ಲ. ಇಲ್ಲವೆಂಬ ಕಾರಣಕ್ಕೆ ಅವರನ್ನು ಹಿಂದಕ್ಕೆ ಕಳಿಸಲೂ ಇಲ್ಲ. ವಾತಾವರಣ ವಿಜ್ಞಾನ ಮತ್ತು ಪರಿಸರ ವಿಜ್ಞಾನಗಳಿಗೆ ಪ್ರತ್ಯೇಕ ಕೇಂದ್ರಗಳು ರೂಪುಗೊಂಡದ್ದು ಧವನ್ ನಿವೃತ್ತರಾದ ಮೇಲೆ, ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ. ಮೊದಲು ಮನುಷ್ಯರು, ಆಮೇಲೆ ನಾಮಫಲಕ. ಇಂದು ಈ ಕ್ರಮ ತಲೆಕೆಳಗಾಗಿದೆ ಎಂಬುದೇ ನನ್ನ ತಕರಾರು.

1974ರಲ್ಲಿ ಆರಂಭವಾದ 'ಅಸ್ತ್ರ', ಅಂದರೆ ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಗಳಿಗೆ ಅನ್ವಯಿಸುವ ಸಂಸ್ಥೆಯ ಘಟಕ, ಇದಕ್ಕಿಂತ ಧೈರ್ಯದ ಹೆಜ್ಜೆ. ವಿದ್ಯುತ್ ರಸಾಯನಶಾಸ್ತ್ರದಲ್ಲಿ ಹೆಸರು ಮಾಡಿದ್ದ ಅಮೂಲ್ಯ ರೆಡ್ಡಿಯವರು ತಮ್ಮ ಪ್ರಯೋಗಾಲಯವನ್ನು ಬಿಟ್ಟು ಹಳ್ಳಿಯ ಇಂಧನ, ನೀರು, ಮನೆಗಳ ಕಡೆಗೆ ಹೊರಳಿದರು. ಸಿವಿಲ್ ಎಂಜಿನಿಯರ್ ಕೆ.ಎಸ್. ಜಗದೀಶ್ ಮುಂತಾದವರು ಜೊತೆಯಾದರು. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ವಿಸ್ತರಣಾ ಕೇಂದ್ರ ತೆರೆಯಿತು. ಸೌದೆ ಉಳಿಸುವ, ಹೊಗೆಯನ್ನು ಕೊಳವೆಯ ಮೂಲಕ ಹೊರಗಟ್ಟುವ ಅಸ್ತ್ರ ಒಲೆಯನ್ನು ನಮ್ಮ ಹಳ್ಳಿಗಳ ಹಿರಿಯರು ಇನ್ನೂ ಮರೆತಿಲ್ಲ. ಅದೇ ಸೀಮೆಯ ಪುರ ಗ್ರಾಮದ ಪ್ರಸಂಗವನ್ನು ಅಂತರಶಿಸ್ತೀಯ ತರಗತಿಗಳ ಮೊದಲ ಪಾಠವನ್ನಾಗಿ ಇಡಬಹುದು. ಊರಿನ ದನಗಳ ಸಗಣಿಯಿಂದ ಅಡುಗೆಗೆ ಅನಿಲ ಒದಗಿಸುವುದು ಆರಂಭದ ಯೋಚನೆಯಾಗಿತ್ತು. ಎಲ್ಲ ಮನೆಗಳಿಗೆ ಸಾಲುವಷ್ಟು ಅನಿಲ ಸಿಗಲಿಲ್ಲ. ಸೌದೆಯೋ ಜನರಿಗೆ ದುಡ್ಡಿಲ್ಲದೆ ದೊರೆಯುತ್ತಿತ್ತು, ಅವರಿಗೆ ಮೊದಲು ಬೇಕಾಗಿದ್ದುದು ಕುಡಿಯುವ ನೀರು. ಹೀಗಾಗಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರೆತ್ತಿ, ಮನೆಗಳಿಗೆ ದೀಪ ಕೊಡುವ ವ್ಯವಸ್ಥೆಯನ್ನು 1987ರ ಹೊತ್ತಿಗೆ ರೂಪಿಸಲಾಯಿತು. ಸಗಣಿ ಕೊಟ್ಟವರಿಗೆ ಗೊಬ್ಬರಕ್ಕಾಗಿ ಬಗ್ಗಡ ವಾಪಸಾಗುತ್ತಿತ್ತು. ಆ ಸ್ಥಾವರ ಮುಂದೆ ನಿಂತುಹೋಯಿತು ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಹಳ್ಳಿಗರ ಮಾತಿನಿಂದ ಸಂಶೋಧನೆಯ ಪ್ರಶ್ನೆಯೇ ಬದಲಾಯಿತಲ್ಲ, ಅದು ರಸಾಯನಶಾಸ್ತ್ರದ ಯಾವ ಪಠ್ಯಕ್ರಮದಲ್ಲಿಯೂ ಇಲ್ಲದ ವಿದ್ಯೆ.

ಈಗಿನ ಶಾಲೆಗಳ ಸ್ಥಿತಿ ಬೇರೆ. ಸುತ್ತೋಲೆಯಲ್ಲಿ ಹೆಸರು ಮೊದಲು ಬರುತ್ತದೆ. ಹುದ್ದೆಗಳು ಮಾತ್ರ ಹಳೆಯ ವಿಭಾಗಗಳ ಲೆಕ್ಕದಲ್ಲಿಯೇ ಉಳಿಯುತ್ತವೆ. ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿ, ಕೆರೆಗಳ ನಿರ್ವಹಣೆಯ ಬಗ್ಗೆ ಪರಿಸರ ಅಧ್ಯಯನದಲ್ಲಿ ಪಿಎಚ್.ಡಿ. ಮಾಡಿದವರು ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅರ್ಜಿ ಹಾಕಿದರೆ, 'ಸಂಬಂಧಿತ ವಿಷಯವಲ್ಲ' ಎಂಬ ಷರಾದೊಂದಿಗೆ ಅರ್ಜಿ ಪರಿಶೀಲನೆಯ ಹಂತದಲ್ಲಿಯೇ ಬದಿಗೆ ಸರಿಯುತ್ತದೆ. ಆ ಷರಾ ಬರೆದ ಕಚೇರಿಯಿಂದ ಕೆಲವೇ ಹೆಜ್ಜೆ ದೂರದ ಗೋಡೆಯ ಮೇಲೆ ಅಂತರಶಿಸ್ತೀಯ ಶಾಲೆಯ ಫಲಕ ಹೊಳೆಯುತ್ತಿರುತ್ತದೆ. ಗುಮಾಸ್ತರನ್ನು ದೂರಿ ಫಲವಿಲ್ಲ, ಅವರ ಕೈಯಲ್ಲಿರುವ ನಿಯಮ ಪುಸ್ತಕವೇ ಹಾಗಿದೆ. ಹೇಗೋ ಒಳಗೆ ಬಂದವರಿಗೂ ಬಡ್ತಿಯ ಹೊತ್ತಿಗೆ ಅದೇ ತೊಡಕು ಎದುರಾಗುತ್ತದೆ: ಅರ್ಥಶಾಸ್ತ್ರದ ತಜ್ಞರಿಗೆ ಅವರ ಕೆಲಸ ಪರಿಸರದ್ದಾಗಿ ಕಾಣುತ್ತದೆ, ಪರಿಸರದವರಿಗೆ ಅರ್ಥಶಾಸ್ತ್ರದ್ದಾಗಿ.

ಧವನ್ ಅವರಿಗೆ ಸಿಕ್ಕ ಅನುಕೂಲಗಳನ್ನೂ ಒಪ್ಪಿಕೊಳ್ಳಬೇಕು. ಮೇಲೆ ಹೇಳಿದವುಗಳಲ್ಲಿ ಅವರ ಕಾಲದಲ್ಲಿ ಹುಟ್ಟಿದ ಕೇಂದ್ರಗಳು ಕೂಡ ಬಂದದ್ದು ಅವರು ನಿರ್ದೇಶಕರಾಗಿ ಸುಮಾರು ಒಂದು ದಶಕ ಕಳೆದ ಮೇಲೆ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳ ಕುಲಪತಿಗಳಿಗೆ ಸಿಗುವುದು ನಾಲ್ಕೇ ವರ್ಷ. ಆದ್ದರಿಂದ ಹೊಸ ನಿರ್ದೇಶಕರಿಂದ ಹತ್ತು ಕೇಂದ್ರಗಳನ್ನು ನಾನು ಬಯಸುವುದಿಲ್ಲ. ಎರಡು ವಿಷಯಗಳ ನಡುವೆ ಕೆಲಸ ಮಾಡುವ ಅಧ್ಯಾಪಕರ ಹುದ್ದೆ ಯಾವ ವಿಭಾಗದ ಲೆಕ್ಕಕ್ಕೆ ಸೇರುತ್ತದೆ, ಅವರ ಬಡ್ತಿಯ ಸಮಿತಿಯಲ್ಲಿ ಯಾರು ಕೂರುತ್ತಾರೆ, ಉಂಗ್ರದಂಥ ಕಡೆ ಕಳೆದ ವರ್ಷಗಳು ಪ್ರಬಂಧಗಳ ಜೊತೆಗೆ ಗಣನೆಗೆ ಬರುತ್ತವೆಯೇ ಎಂಬ ಮೂರು ಸಂಗತಿಗಳನ್ನು ಪ್ರವೇಶಾತಿಯ ಪ್ರಕಟಣೆಗೆ ಮೊದಲೇ ಲಿಖಿತವಾಗಿ ಇತ್ಯರ್ಥಪಡಿಸಿದರೆ ಸಾಕು. ಭಾಷಣವನ್ನು ಆಮೇಲೆ ಮಾಡಬಹುದು.