“ನಿಮಗೂ ಹಾಗೇ ಆಗಿದೆಯಾ?”

ಮಂಗಳವಾರ ಪ್ರಾಸ್ಟೇಟ್ ಕ್ಯಾನ್ಸರಿಗಾಗಿ ನನ್ನ ಐದನೆಯ ಹಾರ್ಮೋನ್ ಇಂಜೆಕ್ಷನ್ ಆಯಿತು. ಸೂಜಿ ಚುಚ್ಚಿದ ನೋವು ಅಂದು ಸಂಜೆಗೇ ಇಳಿಯಿತು. ಆದರೆ ಸರದಿಗಾಗಿ ಕಾಯುತ್ತಾ ಕುಳಿತಿದ್ದಾಗ ನಡೆದ ನಾಲ್ಕು ಮಾತು ವಾರವಿಡೀ ನನ್ನನ್ನು ಬಿಡದೆ ಹಿಂಬಾಲಿಸುತ್ತಿದೆ.

ಪಕ್ಕದ ಕುರ್ಚಿಯಲ್ಲಿ ನನಗಿಂತ ಹತ್ತು ವರ್ಷವಾದರೂ ಚಿಕ್ಕವರಾದ ಒಬ್ಬರು ಕುಳಿತಿದ್ದರು. ಜೊತೆಯಲ್ಲಿದ್ದ ಹೆಂಡತಿ ಎದ್ದು ಬಿಲ್ ಕೌಂಟರಿನತ್ತ ಹೋಗುವವರೆಗೂ ಸುಮ್ಮನಿದ್ದವರು, ಆಕೆ ಕಣ್ಮರೆಯಾದ ಮೇಲೆ, ನನ್ನ ಮುಖವನ್ನು ನೋಡದೆ, ನನ್ನ ತೊಡೆಯ ಮೇಲಿದ್ದ ಫೈಲನ್ನೇ ನೋಡುತ್ತಾ ತಗ್ಗಿದ ದನಿಯಲ್ಲಿ ಕೇಳಿದರು: “ಸರ್, ನಿಮಗೂ ಹಾಗೇ ಆಗಿದೆಯಾ?”

“ಹಾಗೇ ಅಂದರೆ?” ಎಂದೆ.

“ಏನಿಲ್ಲ, ಬಿಡಿ ಸರ್” ಎಂದು ಅವರು ಮೊಬೈಲ್ ಕೈಗೆತ್ತಿಕೊಂಡರು.

ಅವರು ಏನನ್ನು ಕೇಳಿದರೆಂಬುದು ಆ ಕ್ಷಣದಲ್ಲೇ ನನಗೆ ತಿಳಿದಿತ್ತು. ಪ್ರಾಸ್ಟೇಟ್ ಕ್ಯಾನ್ಸರಿಗೆ ಈ ಇಂಜೆಕ್ಷನ್ ತೆಗೆದುಕೊಳ್ಳುವ ಇಬ್ಬರು ಗಂಡಸರ ನಡುವೆ, ಹೆಂಡತಿ ಎದ್ದು ಹೋದ ಮೇಲೆ ಬರುವ ‘ಹಾಗೇ’ ಎಂಬ ಮಾತಿಗೆ ಎರಡನೆಯ ಅರ್ಥವಿಲ್ಲ. ಅದನ್ನು ಕೇಳಲು ಅವರು ಎಷ್ಟು ದಿನಗಳಿಂದ ಧೈರ್ಯ ಕೂಡಿಸಿಕೊಂಡಿದ್ದರೋ! ತಿಳಿದೂ ತಿಳಿಯದವನಂತೆ ಕೇಳಿದ ನನ್ನ ಒಂದು ಪ್ರಶ್ನೆಯಿಂದ ಆ ಧೈರ್ಯವೆಲ್ಲ ಇಂಗಿಹೋಯಿತು. ಅಷ್ಟರಲ್ಲಿ ಒಳಗಿನಿಂದ ನನ್ನ ಹೆಸರು ಕರೆದರು. ಹೊರಗೆ ಬಂದಾಗ ಆ ಕುರ್ಚಿ ಖಾಲಿಯಾಗಿತ್ತು.

ನನಗೆ ಕೊಡುವುದು ಗೋಸೆರೆಲಿನ್, ಹನ್ನೆರಡು ವಾರಗಳಿಗೊಮ್ಮೆ, 10.8 ಮಿಲಿಗ್ರಾಂ. ಅದು ದ್ರವವಲ್ಲ, ಸಣ್ಣ ಕಡ್ಡಿಯ ತುಂಡಿನಂತಹ ಔಷಧ. ಹೊಕ್ಕುಳಿನ ಕೆಳಗಿನ ಚರ್ಮವನ್ನು ಹಿಡಿದೆತ್ತಿ, ಸಾಮಾನ್ಯ ಇಂಜೆಕ್ಷನ್ನಿನದಕ್ಕಿಂತ ಬಹಳ ದಪ್ಪವಾದ ಸೂಜಿಯಿಂದ ಅದನ್ನು ಒಳಗೆ ಇಳಿಸುತ್ತಾರೆ. ಕಳೆದ ಬಾರಿ ಬಲಗಡೆ, ಈ ಬಾರಿ ಎಡಗಡೆ. ಈ ಕೆಲಸ ಮಾಡುವ ಸಿಸ್ಟರ್ ನನ್ನ ದೃಷ್ಟಿಯಲ್ಲಿ ಆ ಕಟ್ಟಡದ ಅತ್ಯಂತ ಒಳ್ಳೆಯ ಮನುಷ್ಯರು. “ನಿದ್ದೆ ಹೇಗಿದೆ, ಮನಸ್ಸು ಹೇಗಿದೆ” ಎಂದು ಅವರು ಕೇಳುತ್ತಾರೆ, ಉತ್ತರ ಬರುವವರೆಗೂ ಕಾಯುತ್ತಾರೆ. ಅಂದು ನಾನು ಅವರಿಗೂ “ಚೆನ್ನಾಗಿದೆ” ಎಂದಷ್ಟೇ ಹೇಳಿ ಎದ್ದುಬಂದೆ.

ನನ್ನ ವೈದ್ಯರ ಬಗ್ಗೆ ನನಗೆ ಗೌರವವಿದೆ. ರೇಡಿಯೇಷನ್ನಿನ ಜೊತೆಗೆ ಎರಡು ವರ್ಷ ಈ ಇಂಜೆಕ್ಷನ್ ಏಕೆ ಬೇಕೆಂಬುದನ್ನು ಅವರು ಬಿಡಿಸಿ ಹೇಳಿದ್ದರು. ಪ್ರಾಸ್ಟೇಟ್ ಕ್ಯಾನ್ಸರ್ ಬೆಳೆಯುವುದು ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನಿನ ಬಲದಿಂದ. ಅದರ ಬಹುಪಾಲು ತಯಾರಾಗುವುದು ವೃಷಣಗಳಲ್ಲಿ. ವೃಷಣಗಳಿಗೆ ಆಜ್ಞೆ ಬರುವುದು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ. ಆ ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನ್ ಸಹಜವಾಗಿ ಬಿಟ್ಟುಬಿಟ್ಟು ಸ್ರವಿಸುತ್ತದೆ. ಅದನ್ನೇ ಹೋಲುವ ಔಷಧ ಬಿಡುವಿಲ್ಲದೆ ಬಂದು ಬಡಿಯುತ್ತಿದ್ದರೆ ಗ್ರಂಥಿ ಮೊದಮೊದಲು ಅತಿಯಾಗಿ ಕೆಲಸ ಮಾಡಿ, ಕೆಲವು ವಾರಗಳಲ್ಲಿ ಕಿವಿಮುಚ್ಚಿ ಕುಳಿತುಬಿಡುತ್ತದೆ. ಆ ಮೊದಲಿನ ಉಬ್ಬರದಿಂದ ಅಪಾಯವಾಗದಂತೆ ನನಗೆ ಬೈಕಾಲುಟಮೈಡ್ ಮಾತ್ರೆಯನ್ನೂ ಕೊಟ್ಟಿದ್ದರು. ಮೂಳೆ ಸವೆಯಬಹುದು, ಸಕ್ಕರೆ ಏರಬಹುದು, ಹೃದಯದ ಮೇಲೆ ಕಣ್ಣಿಡಬೇಕು ಎಂದು ಒಂದೊಂದನ್ನೂ ವಿವರಿಸಿದರು. ಕೊನೆಯಲ್ಲಿ, ಫೈಲ್ ಮುಚ್ಚುತ್ತಾ, “ದಾಂಪತ್ಯಕ್ಕೆ ಸ್ವಲ್ಪ ತೊಂದರೆಯಾಗುತ್ತದೆ, ಈ ವಯಸ್ಸಿನಲ್ಲಿ ಅದೇನು ದೊಡ್ಡದಲ್ಲ ಬಿಡಿ” ಎಂದರು. ನಾನು ತಲೆಯಾಡಿಸಿದೆ. ಮೂಳೆಗೆ ಐದು ನಿಮಿಷ ಕೊಟ್ಟವರು ಇದಕ್ಕೆ ಅರ್ಧ ನಿಮಿಷ ಕೊಟ್ಟದ್ದು ಕಾಳಜಿಯ ಕೊರತೆಯಿಂದಲ್ಲ, ಸಂಕೋಚದಿಂದ ಎಂದು ನಾನು ನಂಬುತ್ತೇನೆ. ಆದರೆ ವೈದ್ಯರ ಸಂಕೋಚಕ್ಕೆ ಬೆಲೆ ತೆರುವವನು ರೋಗಿ.

ಮೂರು ತಿಂಗಳಾದ ಮೇಲೆ ರಕ್ತಪರೀಕ್ಷೆಯ ವರದಿ ಬಂತು. ಈ ಕ್ಯಾನ್ಸರಿನ ಏರಿಳಿತವನ್ನು ತೋರಿಸುವ, ಆರಂಭದಲ್ಲಿ 38 ಇದ್ದ ಪಿಎಸ್‌ಎ ಒಂದಕ್ಕಿಂತ ಕೆಳಗೆ ಇಳಿದಿತ್ತು. ಟೆಸ್ಟೋಸ್ಟೆರೋನ್ ಡೆಸಿಲೀಟರಿಗೆ 50 ನ್ಯಾನೋಗ್ರಾಮಿಗಿಂತ ಎಷ್ಟೋ ಕಡಿಮೆಯಾಗಿತ್ತು. ವೈದ್ಯರು ನಿಜವಾದ ಸಂತೋಷದಿಂದ, “ಕ್ಯಾಸ್ಟ್ರೇಟ್ ಲೆವೆಲ್‌ಗೆ ಬಂದಿದೆ, ಬಹಳ ಒಳ್ಳೆಯದು” ಎಂದರು. ಅವರಿಗೆ ಅದು ಒಂದು ಅಳತೆಯ ಹೆಸರು. ನನ್ನ ಭಾಷೆಯಲ್ಲಿ ಆ ಶಬ್ದವನ್ನು ಹುಡುಕಹೊರಟರೆ ನನಗೆ ಸಿಕ್ಕಿದ್ದು ಹೋರಿಯನ್ನು ಎತ್ತಾಗಿಸುವ ಕೆಲಸಕ್ಕೆ ಬಳಸುವ ಮಾತುಗಳು. ಬದುಕಿ ಉಳಿಯುವುದಕ್ಕಾಗಿ ನಾನೇ ಒಪ್ಪಿ ಸಹಿ ಮಾಡಿದ ಚಿಕಿತ್ಸೆಯ ಯಶಸ್ಸನ್ನು ಹೇಳಲು ಮನುಷ್ಯನಿಗೆ ಸಲ್ಲುವ ಒಂದು ಪದ ನನ್ನಲ್ಲಿರಲಿಲ್ಲ. ಹಾಗಾಗಿ ಯಾರಾದರೂ ಕೇಳಿದರೆ ‘ರಿಪೋರ್ಟ್ ಚೆನ್ನಾಗಿದೆ’ ಎನ್ನುವುದನ್ನು ರೂಢಿ ಮಾಡಿಕೊಂಡೆ. ಸಂಬಂಧಿಕರೊಬ್ಬರು ಫೋನಿನಲ್ಲಿ, “ಕೀಮೋ ಅಲ್ಲವಲ್ಲ, ಬರೀ ಇಂಜೆಕ್ಷನ್ ತಾನೇ, ನೀವು ಅದೃಷ್ಟವಂತರು” ಎಂದಾಗಲೂ ಹೌದೆಂದೆ. ಒಂದು ಅರ್ಥದಲ್ಲಿ ಅದು ನಿಜ. 1941ರಲ್ಲಿ ಚಾರ್ಲ್ಸ್ ಹಗ್ಗಿನ್ಸ್ ಮತ್ತು ಕ್ಲಾರೆನ್ಸ್ ಹಾಡ್ಜಸ್ ಈ ಕ್ಯಾನ್ಸರಿಗೂ ಗಂಡು ಹಾರ್ಮೋನಿಗೂ ಇರುವ ನಂಟನ್ನು ತೋರಿಸಿಕೊಟ್ಟ ಮೇಲೆ, ಬಹಳ ಕಾಲ ರೋಗಿಗಳ ಮುಂದಿದ್ದ ಮುಖ್ಯ ದಾರಿಗಳಲ್ಲಿ ಒಂದು ವೃಷಣಗಳನ್ನೇ ಕತ್ತರಿಸಿ ತೆಗೆಯುವುದಾಗಿತ್ತು. ಆ ಕೆಲಸಕ್ಕಾಗಿ ಹಗ್ಗಿನ್ಸರಿಗೆ 1966ರಲ್ಲಿ ನೊಬೆಲ್ ಬಂತು. ಪಿಟ್ಯುಟರಿಗೆ ಆಜ್ಞೆ ಕೊಡುವ ಮೆದುಳಿನ ಹಾರ್ಮೋನುಗಳನ್ನು ಗುರುತಿಸಿದ ರೋಜರ್ ಗಿಲ್ಲೆಮಿನ್ ಮತ್ತು ಆಂಡ್ರ್ಯೂ ಶಾಲಿ ಅವರಿಗೆ 1977ರಲ್ಲಿ ನೊಬೆಲ್ ದೊರೆತ ನಂತರದ ವರ್ಷಗಳಲ್ಲಷ್ಟೇ ಕತ್ತಿಯ ಜಾಗಕ್ಕೆ ಸೂಜಿ ಬಂದದ್ದು. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಇದನ್ನೆಲ್ಲ ಓದಿಕೊಂಡೆ, ಕೃತಜ್ಞತೆಯೂ ಮೂಡಿತು. ಆದರೆ ‘ಬರೀ’ ಎಂಬ ಆ ಎರಡಕ್ಷರವನ್ನು ಮಾತ್ರ ನನಗೆ ಇಂದಿಗೂ ನುಂಗಲಾಗಿಲ್ಲ.

ನಿದ್ದೆಯಿಲ್ಲದ್ದು ಬಿಸಿಯಿಂದ. ಎದೆಯ ನಡುವಿನಲ್ಲಿ ಹುಟ್ಟಿ ಕುತ್ತಿಗೆಗೆ, ಮುಖಕ್ಕೆ, ತಲೆಗೆ ಏರುವ ಆ ಕಾವು ಎರಡು ಮೂರು ನಿಮಿಷವಿದ್ದು, ಮೈಯನ್ನು ತೊಯ್ಯಿಸಿ, ಬಳಿಕ ಚಳಿಯಲ್ಲಿ ಬಿಟ್ಟುಹೋಗುತ್ತದೆ. ರಾತ್ರಿಗೆ ನಾಲ್ಕೈದು ಬಾರಿ ಹೀಗಾಗುತ್ತಿದ್ದ ಕಾಲದಲ್ಲಿ, ಒಮ್ಮೆ ಕತ್ತಲಲ್ಲಿ ಎದ್ದು ಕುಳಿತು ಮುಖ ಒರೆಸಿಕೊಳ್ಳುತ್ತಿದ್ದಾಗ ನನ್ನ ಹೆಂಡತಿ, “ಮುಖಕ್ಕಲ್ಲ, ಒದ್ದೆ ಬಟ್ಟೆಯನ್ನು ಕುತ್ತಿಗೆಯ ಹಿಂದೆ ಇಟ್ಟುಕೊಳ್ಳಿ, ಬೇಗ ಇಳಿಯುತ್ತದೆ” ಎಂದಳು. ನಿನಗೆ ಹೇಗೆ ಗೊತ್ತು ಎಂದು ಕೇಳಿದ ಮರುಕ್ಷಣವೇ ನನಗೆ ಉತ್ತರ ಹೊಳೆಯಿತು. ಮುಟ್ಟು ನಿಲ್ಲುವ ವರ್ಷಗಳಲ್ಲಿ ಅವಳು ಇದೇ ಹಾಸಿಗೆಯ ಆ ಬದಿಯಲ್ಲಿ ಇದನ್ನೇ ಅನುಭವಿಸಿದ್ದಳು. ಈ ಬದಿಯಲ್ಲಿ ನಾನು ನಿದ್ದೆ ಮಾಡುತ್ತಿದ್ದೆ. ಅವಳು ಏನೂ ಹೇಳದೆ ಬಟ್ಟೆ ತಂದುಕೊಟ್ಟಳು.

ಇನ್ನು ‘ಹಾಗೇ’ ಎಂಬುದರ ವಿಷಯ. ಆ ಮನುಷ್ಯರಿಗೆ ನಾನು ಹೇಳಬೇಕಾಗಿದ್ದ ಮಾತನ್ನು ಈ ವಾರ ಮನಸ್ಸಿನಲ್ಲಿ ಎಷ್ಟೋ ಬಾರಿ ಹೇಳಿ ನೋಡಿದ್ದೇನೆ. ಹೌದು, ನನಗೂ ಹಾಗೇ ಆಗಿದೆ. ಮೈ ಸಹಕರಿಸುವುದಿಲ್ಲ ಎಂಬುದು ಅದರ ಒಂದು ಪಾಲು ಮಾತ್ರ. ನನ್ನನ್ನು ಹೆಚ್ಚು ಹೆದರಿಸಿದ್ದು ಬಯಕೆಯೇ ಇಲ್ಲವಾದದ್ದು. ಬೇಕೆನಿಸಿ ಸಿಗದಿರುವುದರ ನೋವನ್ನು ನಾನು ಬಲ್ಲೆ, ಇದು ಅದಲ್ಲ. ಬೇಕೆನಿಸುವ ಜಾಗವೇ ಒಳಗೆ ಬರಿದಾಗಿದೆ, ಬರಿದಾಗಿರುವುದು ನೆನಪಿನಿಂದ ಮಾತ್ರ ತಿಳಿಯುತ್ತದೆ. ಸ್ನಾನದ ಹೊತ್ತಿನಲ್ಲಿ ಕಾಣುವ ಮೈ ಬದಲಾಗಿದೆ: ತೋಳು ಸಣ್ಣಗಾಗಿದೆ, ಹೊಟ್ಟೆ ಬಂದಿದೆ, ಎದೆ ಮೆತ್ತಗಾಗಿದೆ. ಅಪ್ಪ ತೀರಿಕೊಂಡಾಗ ಅಳದವನು, ಕಳೆದುಹೋದ ಮಗುವೊಂದು ಸಿಕ್ಕಿತೆಂಬ ಸುದ್ದಿಯನ್ನು ಓದಿ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಿದ್ದೇನೆ. ಇವೆಲ್ಲ ನಿಮ್ಮ ದೌರ್ಬಲ್ಯವಲ್ಲ, ಔಷಧ ತನ್ನ ಕೆಲಸ ಮಾಡುತ್ತಿರುವುದರ ಗುರುತು ಎಂದು ಯಾರಾದರೂ ನನಗೆ ಮೊದಲೇ ಹೇಳಿದ್ದರೆ ನಾನು ಆ ಬಾಗಿಲನ್ನು ಹಾಕಿಕೊಳ್ಳುತ್ತಿರಲಿಲ್ಲ.

ಇನ್ನೊಂದು ಮಾತನ್ನೂ ಹೇಳಬೇಕಾಗಿತ್ತು, ಬಹುಶಃ ಅದನ್ನೇ ಮೊದಲು. ಬಯಕೆ ಹೋದ ಮೇಲೆ ನಾನು ಹೆಂಡತಿಯನ್ನು ಮುಟ್ಟುವುದನ್ನೇ ಬಿಟ್ಟಿದ್ದೆ. ಹೆಗಲ ಮೇಲೆ ಕೈಯಿಟ್ಟರೆ ಅದು ನನ್ನಿಂದ ಪೂರೈಸಲಾಗದ ಯಾವುದೋ ಮಾತಿನ ಆರಂಭವೆಂದು ಅವಳಿಗೆ ತೋರೀತೆಂಬ ಅಂಜಿಕೆಯಿಂದ, ನಡೆಯುವಾಗ ಕೈ ಹಿಡಿಯುವುದನ್ನೂ, ಮಲಗುವಾಗ ಒರಗುವುದನ್ನೂ ಒಂದೊಂದಾಗಿ ಬಿಡುತ್ತಾ ಬಂದೆ. ಏಳೆಂಟು ತಿಂಗಳಾದ ಮೇಲೆ ಅವಳೇ ಒಂದು ದಿನ, “ಇಂಜೆಕ್ಷನ್ ಕೊಟ್ಟಿರುವುದು ಹೊಟ್ಟೆಗೆ, ಕೈಗೇನಾಗಿದೆ?” ಎಂದು ಕೇಳಿದಳು. ಹಾಗೆ ಕೇಳಿ ಅವಳು ಅತ್ತಳು. ಅದುವರೆಗೆ ನನ್ನ ಮೌನವನ್ನು ಅವಳು ಬೇಸರವೆಂದು, ತನ್ನ ಮೇಲಿನ ಅಸಮಾಧಾನವೆಂದು ತಿಳಿದುಕೊಂಡಿದ್ದಳು. ಔಷಧ ಕಸಿದುಕೊಂಡದ್ದು ಒಂದನ್ನು. ಅದರ ಜೊತೆಗೆ ನಾನು ಕೈಯಾರೆ ಎತ್ತಿಕೊಟ್ಟದ್ದು ಹತ್ತನ್ನು. ಆ ರಾತ್ರಿ ನಾವಿಬ್ಬರೂ ಮದುವೆಯಾದ ಮೇಲೆ ಎಂದೂ ಆಡದಿದ್ದ ಮಾತುಗಳನ್ನು ಆಡಿದೆವು. ಈಗ ಕೈ ಹಿಡಿದುಕೊಂಡೇ ನಡೆಯಲು ಹೋಗುತ್ತೇವೆ.

ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮವನ್ನೂ ಮಾಡುತ್ತಿದ್ದೇನೆ. ಕರಗುವ ಸ್ನಾಯುವಿಗೂ ಆಯಾಸಕ್ಕೂ ಅದಕ್ಕಿಂತ ಒಳ್ಳೆಯ ಮದ್ದನ್ನು ನಾನು ಕಂಡಿಲ್ಲ. ಡೆಕ್ಸಾ ಸ್ಕ್ಯಾನಿನಲ್ಲಿ ಮೂಳೆ ಸ್ವಲ್ಪ ತೆಳುವಾಗಿರುವುದು ಕಂಡದ್ದರಿಂದ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ನಡೆಯುತ್ತಿವೆ. ಎರಡು ವರ್ಷ ಮುಗಿದು ಇಂಜೆಕ್ಷನ್ ನಿಂತ ಮೇಲೆ ಹಾರ್ಮೋನ್ ತಿಂಗಳುಗಟ್ಟಲೆ ನಿಧಾನವಾಗಿ ಮರಳುತ್ತದೆ. ವಯಸ್ಸಾದವರಲ್ಲಿ ಕೆಲವರಿಗೆ ಪೂರ್ತಿ ಮರಳುವುದಿಲ್ಲ. ಅಂದು ಬಾಯಿ ಬಿಟ್ಟಿದ್ದರೆ ಇದನ್ನೂ ನಾನು ಮುಚ್ಚಿಡದೆ ಪಕ್ಕದ ಕುರ್ಚಿಯವರಿಗೆ ಹೇಳುತ್ತಿದ್ದೆ. ಚಿಕ್ಕವರು, ಅವರಿಗೆ ಮರಳುವ ಸಾಧ್ಯತೆ ನನಗಿಂತ ಹೆಚ್ಚು.

ನಾನು ಏಕೆ ಬಾಯಿ ಬಿಡಲಿಲ್ಲ? ನಾಚಿಕೆಯೆಂದರೆ ಪೂರ್ಣ ಉತ್ತರವಾಗದು. ಹೆಂಡತಿಯೊಡನೆ ಮಾತನಾಡಿದ ಮೇಲೆ ಆ ನಾಚಿಕೆ ಬಹಳಷ್ಟು ಕಳೆದಿತ್ತು. ಅಪರಿಚಿತನ ಮುಂದೆ ‘ಹೌದು’ ಎಂದರೆ ಆ ಕುರ್ಚಿಗಳ ಸಾಲಿನಲ್ಲಿ ನಾನೂ ಒಬ್ಬನಾಗಿಬಿಡುತ್ತೇನೆ, ಫೈಲ್ ಹಿಡಿದುಕೊಂಡು ಯಾವುದೋ ಸಣ್ಣ ಕೆಲಸಕ್ಕೆ ಬಂದವನಂತೆ ಕೂರುವ ಸೌಕರ್ಯ ಕಳೆದುಹೋಗುತ್ತದೆ ಎಂದು ಆ ಕ್ಷಣಕ್ಕೆ ಅನಿಸಿರಬೇಕು. ನನ್ನ ವೈದ್ಯರ ಅರ್ಧ ನಿಮಿಷವನ್ನು ಇಷ್ಟು ದಿನ ಆಕ್ಷೇಪಿಸುತ್ತಾ ಬಂದ ನಾನು, ನನ್ನ ಸರದಿ ಬಂದಾಗ ಅಷ್ಟನ್ನೂ ಕೊಡಲಿಲ್ಲ.

ನಿನ್ನೆ ಹೆಂಡತಿಗೆ ಇದನ್ನು ಹೇಳಿದೆ. “ಮುಂದಿನ ಸಲ ಸಿಕ್ಕರೆ ನೀವೇ ಮಾತನಾಡಿಸಿ” ಎಂದಳು. ನನ್ನ ಮುಂದಿನ ಇಂಜೆಕ್ಷನ್ನಿಗೆ ಇನ್ನು ಹನ್ನೊಂದು ವಾರಗಳಿವೆ. ಅವರದು ತಿಂಗಳಿನದ್ದೋ, ಮೂರು ತಿಂಗಳಿನದ್ದೋ, ಆರು ತಿಂಗಳಿನದ್ದೋ ನಾನು ಕೇಳಲಿಲ್ಲ. ಮಂಗಳವಾರವೇ, ಅದೇ ಹೊತ್ತಿಗೇ ಸಮಯ ಕೊಡುವಂತೆ ಇಂದು ಬೆಳಿಗ್ಗೆ ಸಿಸ್ಟರ್‌ಗೆ ಫೋನ್ ಮಾಡಿ ಕೇಳಿಕೊಂಡೆ. ಅವರು ಕಾರಣ ಕೇಳಿದರು. ಈ ಬಾರಿ ನಿಜವನ್ನೇ ಹೇಳಿದೆ.