ಬ್ರೆಕರ್ ಸಹೋದರರ ಟ್ರಂಪೆಟ್ ಮತ್ತು ಟೆನರ್ ಒಂದಾಗುವುದು ಹೇಗೆ

ಜುಗಲ್‌ಬಂದಿ ಎಂದರೆ ನಮ್ಮ ಕಿವಿ ಸವಾಲ್-ಜವಾಬ್‌ಗೆ ಕಾಯುತ್ತದೆ. ಫಿಲಡೆಲ್ಫಿಯಾದ ರ‍್ಯಾಂಡಿ ಬ್ರೆಕರ್ ಮತ್ತು ತಮ್ಮ ಮೈಕೆಲ್ ಬ್ರೆಕರ್ ಅವರನ್ನು ಕೇಳುವಾಗ ಜೋಡಿ ನಾಗಸ್ವರವನ್ನು ನೆನೆಯುವುದು ಮೇಲು. ಅಣ್ಣನ ಟ್ರಂಪೆಟ್, ತಮ್ಮನ ಟೆನರ್ ಸ್ಯಾಕ್ಸೊಫೋನ್ ಒಂದೇ ಸಾಲನ್ನು ಒಟ್ಟಿಗೆ ಹಿಡಿದು ಹೋಗುತ್ತವೆ. ಜ್ಯಾಜ್‌ಗೆ ರಾಕ್, ಫಂಕ್ ಬೆರೆಸಿದ ‘ಜ್ಯಾಜ್ ಫ್ಯೂಷನ್‌’ಗೆ ಇವರ ನಿಜವಾದ ಕೊಡುಗೆ ಆ ಸಾಲುಗಳೇ. ಸೋಲೋಗಳಿಗೆ, ಅಂದರೆ ಒಬ್ಬೊಬ್ಬರೇ ನುಡಿಸುವ ಭಾಗಗಳಿಗೆ, ಸಿಕ್ಕಷ್ಟು ಗಮನ ಅವಕ್ಕೆ ಸಿಕ್ಕಿಲ್ಲ.

1970ರ ಹೊತ್ತಿಗೆ ಇಬ್ಬರೂ ಡ್ರಮ್ಮರ್ ಬಿಲ್ಲಿ ಕಾಬಮ್ ಜೊತೆ ‘ಡ್ರೀಮ್ಸ್’ ತಂಡದಲ್ಲಿದ್ದರು. ಸ್ವಂತ ಹೆಸರಿನ ಮೊದಲ ಆಲ್ಬಂ 1975ರಲ್ಲಿ ಅರಿಸ್ಟಾ ಎಂಬ ರೆಕಾರ್ಡ್ ಕಂಪನಿಯಿಂದ ಬಂತು. ಅದರಲ್ಲಿ ಡೇವಿಡ್ ಸ್ಯಾನ್‌ಬಾರ್ನ್ ಅವರ ಆಲ್ಟೊ ಸ್ಯಾಕ್ಸೊಫೋನ್ ಕೂಡ ಇದೆ. ನಮ್ಮ ಕದ್ರಿ ಗೋಪಾಲನಾಥ್ ನುಡಿಸುತ್ತಿದ್ದದ್ದೂ ಆಲ್ಟೊ. ಟೆನರ್ ಅದಕ್ಕಿಂತ ದೊಡ್ಡದು, ದನಿ ತಗ್ಗು.

ಮೊದಲ ಟ್ರ್ಯಾಕ್ ‘ಸಮ್ ಸ್ಕಂಕ್ ಫಂಕ್’ ಕಲಿಯಲು ಹೊರಟವರು ಎಡವುವುದು ಲಯದಲ್ಲಿ. ಒಂದು ಬೀಟ್‌ಗೆ ‘ತಕದಿಮಿ’ ಎಂದು ನಾಲ್ಕು ಭಾಗ ಮಾಡಿಕೊಳ್ಳಿ. ರ‍್ಯಾಂಡಿ ಬರೆದ ಸಾಲು ತುಂಡು ತುಂಡಾಗಿ, ಹಲವೆಡೆ ‘ಕ’ ಅಥವಾ ‘ಮಿ’ಯ ಮೇಲೆ ಬೀಳುತ್ತದೆ. ಲಯ ಎಣಿಸುವ ಮೆಟ್ರೊನೋಮ್ ಅನ್ನು ನಿಮಿಷಕ್ಕೆ 60 ಬೀಟ್‌ಗೆ ಇಟ್ಟು, ವಾದ್ಯ ಬದಿಗಿಟ್ಟು, ಖಾಲಿ ಜಾಗಗಳನ್ನೂ ಮನಸ್ಸಿನಲ್ಲಿ ಎಣಿಸುತ್ತ ಬಾಯಲ್ಲಿ ಹೇಳಬೇಕು. ಖಾಲಿ ಜಾಗ ಎಣಿಸದವರು ಮುಂದಿನ ಸ್ವರಕ್ಕೆ ಅವಸರದಿಂದ ಹಾರುತ್ತಾರೆ. ಸ್ವರ ಶುರುಮಾಡುವುದಕ್ಕಿಂತ ಇಬ್ಬರೂ ಒಂದೇ ಕ್ಷಣದಲ್ಲಿ ನಿಲ್ಲಿಸುವುದು ಇನ್ನೂ ಕಷ್ಟ. ಸ್ಯಾಕ್ಸೊಫೋನ್‌ನಲ್ಲಿ ನಾಲಿಗೆಯನ್ನು ರೀಡ್‌ಗೆ (ಬಾಯಲ್ಲಿ ಅದುರುವ ಪಟ್ಟಿಗೆ) ತಾಗಿಸಿ ದನಿ ಕತ್ತರಿಸದಿದ್ದರೆ ಬಾಲ ಉಳಿದು ಸಾಲು ಮಸುಕಾಗುತ್ತದೆ.

ಎರಡೂ ಬಿ-ಫ್ಲಾಟ್ ವಾದ್ಯಗಳು, ಅಂದರೆ ಹಾಳೆಯ ‘ಸಿ’ ನುಡಿಸಿದರೆ ಬಿ-ಫ್ಲಾಟ್ ಕೇಳಿಸುವಂಥವು; ಆದ್ದರಿಂದ ಒಂದೇ ಹಾಳೆ ಇಬ್ಬರಿಗೂ ಸಾಕು. ಆದರೆ ಹಾಳೆಯಲ್ಲಿದ್ದಂತೆಯೇ ನುಡಿಸಿದರೆ ಟೆನರ್ ಒಂದು ಸ್ಥಾಯಿ ಕೆಳಗೆ ಕೇಳಿಸುತ್ತದೆ. ಟ್ರಂಪೆಟ್‌ನದೇ ಎತ್ತರ ಬೇಕೆಂದರೆ ಟೆನರ್ ಒಂದು ಸ್ಥಾಯಿ ಮೇಲೇರಬೇಕು. ಟ್ರಂಪೆಟ್ ಸ್ಟಾಫ್‌ನ (ಸ್ವರಲಿಪಿಯ ಐದು ಗೆರೆಗಳ) ಮೇಲ್ಗೆರೆಯ ಎಫ್ ಮುಟ್ಟಿದಾಗಲೇ ಟೆನರ್‌ನ ಸಾಮಾನ್ಯ ಬೆರಳಿರಿಸುಗಳು ಮುಗಿಯುತ್ತ ಬಂದಿರುತ್ತವೆ. ಅಲ್ಲಿಂದಾಚೆ ಆಲ್ಟಿಸಿಮೊ ಎಂಬ ಅತಿ ಎತ್ತರದ ಸ್ವರಗಳು: ಬೇರೆ ಬೆರಳಿರಿಸು, ಗಂಟಲು-ನಾಲಿಗೆಯ ಬೇರೆ ಇರಿಸು. ಅಲ್ಲಿಯೂ ಮೈಕೆಲ್ ದನಿ ದಪ್ಪವಾಗಿಯೇ ಇರುತ್ತಿತ್ತು, ಅಂಥ ಹಿಡಿತ ಅಪರೂಪ. ಶ್ರುತಿಯ ಮಾತೂ ಇದೆ: ಒಬ್ಬರು 440, ಇನ್ನೊಬ್ಬರು 443 ಹರ್ಟ್ಸ್‌ನಲ್ಲಿದ್ದರೆ ಸೆಕೆಂಡಿಗೆ ಮೂರು ಬಾರಿ ದನಿ ತೂಗುತ್ತದೆ. ವಾದ್ಯ ಬೆಚ್ಚಗಾದಂತೆ ಶ್ರುತಿ ಏರುವುದರಿಂದ, ಐದು ನಿಮಿಷ ಊದಿದ ಮೇಲೆಯೇ ಹೊಂದಿಸಬೇಕು.

1978ರ ‘ಹೆವಿ ಮೆಟಲ್ ಬೀ-ಬಾಪ್’ ಹೆಚ್ಚಿನಂಶ ವೇದಿಕೆಯಲ್ಲೇ ಮುದ್ರಿತವಾದದ್ದು. ಡ್ರಮ್ಸ್ ಟೆರ‍್ರಿ ಬೊಜಿಯೊ ಅವರದು. ಇಲ್ಲಿ ಊದುವ ವಾದ್ಯಗಳೂ ಗಿಟಾರ್‌ನಂತೆ ವಾ-ವಾ ಮುಂತಾದ, ದನಿಯನ್ನು ತಿರುಚುವ ವಿದ್ಯುತ್ ಇಫೆಕ್ಟ್‌ಗಳ ಮೂಲಕ ಹಾದುಬರುತ್ತವೆ. ಇದನ್ನು ಪ್ರಯತ್ನಿಸುವವರು ದೂರದ ಮೈಕ್ ಬಳಸಬಾರದು. ಡ್ರಮ್ಸ್ ಸದ್ದೂ ಒಳಸೇರಿ ಇಫೆಕ್ಟ್ ಅದನ್ನೂ ತಿರುಚುತ್ತದೆ, ಮೇಲೆ ಫೀಡ್‌ಬ್ಯಾಕ್ ಕೂಗು. ಟ್ರಂಪೆಟ್‌ನ ಮೌತ್‌ಪೀಸ್‌ಗೆ ಸಣ್ಣ ರಂಧ್ರ ಕೊರೆದು, ದನಿಯನ್ನು ವಾದ್ಯದೊಳಗಿಂದಲೇ ಹಿಡಿಯುವ ಪಿಕಪ್ ಕೂರಿಸಿದರೆ ಈ ಕಾಟ ತಪ್ಪುತ್ತದೆ, ಆದರೆ ದನಿ ಒರಟಾಗುತ್ತದೆ. ಬೆಲ್ (ವಾದ್ಯದ ಅಗಲ ಬಾಯಿ) ಮುಂದಿನ ಮೈಕ್‌ನ ದನಿಯನ್ನು ಸ್ವಲ್ಪ ಬೆರೆಸಿದರೆ ಸರಿಹೋಗುತ್ತದೆ.

1981ರ ‘ಸ್ಟ್ರ್ಯಾಪ್‌ಹ್ಯಾಂಗಿನ್’ ಅರಿಸ್ಟಾದ ಆರನೆಯ ಮತ್ತು ಕೊನೆಯ ಆಲ್ಬಂ. ಮೈಕೆಲ್ ‘ಸ್ಟೆಪ್ಸ್ ಅಹೆಡ್’ ತಂಡದಲ್ಲಿ ಇ.ಡಬ್ಲ್ಯೂ.ಐ. ಎಂಬ ವಿದ್ಯುನ್ಮಾನ ಊದುವ ವಾದ್ಯ ಹಿಡಿದರು. ಉಸಿರಿನ ಒತ್ತಡ ದನಿಯ ಏರಿಳಿತವಾಗುತ್ತದೆ, ಎಡ ಹೆಬ್ಬೆರಳ ಕೆಳಗಿನ ಉರುಳೆಗಳು ಸ್ಥಾಯಿ ಬದಲಿಸುತ್ತವೆ. ಕೀಲಿಗಳು ಒತ್ತುವಂಥವಲ್ಲ, ಸ್ಪರ್ಶಕ್ಕೇ ಮಿಡಿಯುತ್ತವೆ. ಸ್ಯಾಕ್ಸೊಫೋನ್‌ನಂತೆ ಬೆರಳನ್ನು ಅವುಗಳ ಮೇಲೆ ವಿರಮಿಸಿದರೆ ತಪ್ಪು ಸ್ವರ ಗ್ಯಾರಂಟಿ.

ಜೋಡಿಯಾಗಿ ನುಡಿಸುವುದನ್ನು ನಿಲ್ಲಿಸಿದ್ದ ಸಹೋದರರು 1992ರಲ್ಲಿ ಮತ್ತೆ ಒಂದಾದರು. 2003ರ ನವೆಂಬರ್‌ನಲ್ಲಿ ಜರ್ಮನಿಯ ಲೆವರ್‌ಕೂಸೆನ್‌ನಲ್ಲಿ ಅಲ್ಲಿನ ಪ್ರಸಾರ ಸಂಸ್ಥೆ ಡಬ್ಲ್ಯೂ.ಡಿ.ಆರ್.ನ ಬಿಗ್ ಬ್ಯಾಂಡ್ ಜೊತೆ, ವಿನ್ಸ್ ಮೆಂಡೋಜಾ ನಿರ್ದೇಶನದಲ್ಲಿ, ಅದೇ ‘ಸಮ್ ಸ್ಕಂಕ್ ಫಂಕ್’ ನುಡಿಸಿದರು. ಮೈಕೆಲ್ ರಕ್ತದ ಕ್ಯಾನ್ಸರ್‌ನಿಂದ 2007ರ ಜನವರಿ 13ರಂದು ತೀರಿಕೊಂಡರು. ಆ ಧ್ವನಿಮುದ್ರಣದ ಸೋಲೋಗೆ ಮರುತಿಂಗಳು ಅವರಿಗೆ ಗ್ರ್ಯಾಮಿ ಬಂತು.