ಮಳೆ ಹಿಡಿದರೆ ಎಲ್ಲಿಗೆ?

ಮ್ಯೂನಿಕ್‌ನಲ್ಲಿ ಕ್ಯಾಂಪರ್ ವ್ಯಾನ್, ಅಂದರೆ ಒಳಗೇ ಮಲಗಿಕೊಂಡು ಊರೂರು ಸುತ್ತುವ ಗಾಡಿ, ಬಾಡಿಗೆಗೆ ಕೊಡುವ ಕಡೆ ನನ್ನ ಕೆಲಸ. ವ್ಯಾನ್ ತೋರಿಸಿ ಕೀ ಕೊಡಬೇಕು, ವಾಪಸ್ ಬಂದಾಗ ಏನೇನು ಮುರಿದಿದೆ ಅಂತ ನೋಡಬೇಕು. ಯಾರೇ ಬಂದರೂ ನಾನು ಮೊದಲು ಕೇಳುವುದು, "ಮಳೆ ಹಿಡಿದರೆ ಎಲ್ಲಿಗೆ ಹೋಗ್ತೀರಿ?"

ಮೈಸೂರಿನ ಒಬ್ಬರು ಪ್ರತಿ ರಾತ್ರಿಯ ಕ್ಯಾಂಪ್‌ಸೈಟಿಗೂ ದುಡ್ಡು ಕಟ್ಟಿಯೇ ಬಂದಿದ್ದರು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಹತ್ತಿರವೇ ಮೂರು ರಾತ್ರಿ. "ಬುಕಿಂಗ್ ಆಗ್ಬಿಟ್ಟಿದೆ ಸರ್, ಏನ್ಮಾಡೋದು?" ಅಂದರು. ಆ ವಾರ ವಾಯುವ್ಯದ ಗಾಳಿ. ಅದು ಬೀಸಿದರೆ ಮೋಡವೆಲ್ಲ ಆಲ್ಪ್ಸ್‌ನ ಉತ್ತರ ಮಗ್ಗುಲಿಗೆ ಬಂದು ಒತ್ತಿಕೊಳ್ಳುತ್ತದೆ, ಸಾಲ್ಜ್‌ಬರ್ಗ್‌ನಲ್ಲಿ ದಿನಗಟ್ಟಲೆ ಮಳೆ. ಅದೇ ಹೊತ್ತಿಗೆ ಬೆಟ್ಟದ ಆಚೆ, ಇಟಲಿಯ ಗಾರ್ಡಾ ಸರೋವರದ ಕಡೆ, ಬಿಸಿಲಿರಬಹುದು. ಆಗುಂಬೆಯಲ್ಲಿ ಸುರಿಯುವಾಗ ಚಿತ್ರದುರ್ಗ ಒಣಗಿರುತ್ತದಲ್ವಾ, ಹಾಗೆ. ದಕ್ಷಿಣದ ಗಾಳಿ ಬಂದರೆ ಎಲ್ಲ ಉಲ್ಟಾ. ಇಟಲಿ ಕಡೆ ಮಳೆ, ಇತ್ತ ಫ್ಯೋನ್ ಅನ್ನುವ ಬೆಚ್ಚಗಿನ ಒಣ ಗಾಳಿ.

ಅದಕ್ಕೇ ನಕ್ಷೆ ಮೇಲೆ ಎರಡು ದಾರಿ ಗೀಚಿ ಕೊಡುತ್ತೇನೆ, ಉತ್ತರದ್ದೊಂದು, ದಕ್ಷಿಣದ್ದೊಂದು. ಈಚೆಯಿಂದ ಆಚೆ ಹೋಗಲು ಬ್ರೆನ್ನರ್ ಘಾಟಿ ಇದೆ, ಟೌರ್ನ್ ಸುರಂಗ ಇದೆ. ಆದರೆ ಎಲ್ಲರಿಗೂ ಗ್ರೋಸ್‌ಗ್ಲೋಕ್ನರ್ ರಸ್ತೆಯೇ ಬೇಕು. 1935ರಲ್ಲಿ ಶುರುವಾದ ರಸ್ತೆ, 2,504 ಮೀಟರ್ ಎತ್ತರದಲ್ಲಿ ಬೆಟ್ಟ ದಾಟುತ್ತದೆ. ಚಂದ ಇದೆ, ಇಲ್ಲ ಅನ್ನಲ್ಲ. ಆದರೆ ಸಾವಿರ ಮೀಟರ್ ಹತ್ತಿದರೆ ಸುಮಾರು 6.5 ಡಿಗ್ರಿ ಚಳಿ ಏರುತ್ತದೆ. ಕೆಳಗೆ 15 ಡಿಗ್ರಿಯಲ್ಲಿ ಮಳೆ ಬರುತ್ತಿದ್ದರೆ ಮೇಲೆ ಜೂನ್‌ನಲ್ಲೂ ಹಿಮ ಬಿದ್ದೀತು. ಬಿಸಿಲಿರುವ ದಿನವೂ ಬೆಳಿಗ್ಗೆಯೇ ದಾಟಿಬಿಡಿ ಅನ್ನುತ್ತೇನೆ. ಬೇಸಿಗೆಯಲ್ಲಿ ಗುಡುಗು ಮಳೆ ಜಾಸ್ತಿ ಬರುವುದು ಮಧ್ಯಾಹ್ನದ ಮೇಲೆ.

ವಾಪಸ್ ಬಂದ ವ್ಯಾನ್‌ನಲ್ಲಿ ನಾನು ಮೊದಲು ನೋಡುವುದು ಪಕ್ಕಕ್ಕೆ ಬಿಚ್ಚುವ ಬಟ್ಟೆ ಚಪ್ಪರವನ್ನು. ಜನ ಅದನ್ನು ಬಿಚ್ಚಿಟ್ಟೇ ಮಲಗುತ್ತಾರೆ. ರಾತ್ರಿ ಮಳೆ ಬಂದು ನಡುವೆ ನೀರು ನಿಲ್ಲುತ್ತದೆ, ಬಟ್ಟೆ ಜೋತು ಬೀಳುತ್ತದೆ, ಬೆಳಗಾಗುವಷ್ಟರಲ್ಲಿ ಮಡಚುವ ತೋಳು ಬಗ್ಗಿರುತ್ತದೆ. ಕೀ ಕೊಡುವ ಮುಂಚೆ ಚಪ್ಪರವನ್ನು ಅವರ ಕೈಯಲ್ಲೇ ಬಿಚ್ಚಿಸಿ, ಒಂದು ಕಾಲನ್ನು ಗೇಣುದ್ದ ತಗ್ಗಿಸಿ, ಮೇಲೆ ಒಂದು ಬಕೆಟ್ ನೀರು ಸುರಿಯುತ್ತೇನೆ. ಎಲ್ಲ ನೀರೂ ಒಂದೇ ಮೂಲೆಯಿಂದ ಧಾರೆಯಾಗಿ ಇಳಿಯುತ್ತದೆ. ಮಕ್ಕಳು ಇನ್ನೊಂದು ಬಕೆಟ್ ಕೇಳುತ್ತಾರೆ. ಬಾಯಲ್ಲಿ ಎಷ್ಟು ಹೇಳಿದರೂ ಮರೆಯುವವರು ಇದನ್ನು ಮರೆಯುವುದಿಲ್ಲ. ಗಾಳಿ ಎದ್ದರೆ ಮಾತ್ರ ತಗ್ಗಿಸಿ ಪ್ರಯೋಜನವಿಲ್ಲ, ಸುತ್ತಿಡಲೇಬೇಕು.

ಮೈಸೂರಿನವರು ಮಾರನೇ ದಿನ ಸಂಜೆ ಫೋನ್ ಮಾಡಿದರು. ಒಂದು ರಾತ್ರಿಯ ದುಡ್ಡು ಹೋದರೆ ಹೋಗಲಿ ಅಂತ ಹೇಳಿ ಟೌರ್ನ್ ಸುರಂಗದ ಕಡೆ ಕಳಿಸಿದೆ. ಜೊತೆಗೆ ಇನ್ನೆರಡು ಮಾತು: ಇಲ್ಲಿನ ಎಷ್ಟೋ ಕ್ಯಾಂಪ್‌ಸೈಟ್‌ಗಳು ಮಧ್ಯಾಹ್ನ 1ರಿಂದ 3ರವರೆಗೆ ಗೇಟ್ ಹಾಕಿರುತ್ತವೆ, ಆ ಹೊತ್ತಿಗೆ ತಲುಪಬೇಡಿ. ಮತ್ತೆ, ಹುಲ್ಲಿನ ಜಾಗ ಕೊಟ್ಟರೆ ಬೇಡ ಅನ್ನಿ. ಜಲ್ಲಿ ಹಾಕಿದ ಜಾಗ ಕೇಳಿ, ಇಲ್ಲದಿದ್ದರೆ ಬೆಳಿಗ್ಗೆ ಚಕ್ರ ಹೂತು ಟ್ರ್ಯಾಕ್ಟರ್ ಕರೆಸಬೇಕಾದೀತು.